ಎಣ್ಣೆ ಬತ್ತಿದ ಮೇಲಿನ ಅರ್ಧ ಗಂಟೆ

ದೊಡ್ಡ ಹೆಲಿಕಾಪ್ಟರ್ ತಯಾರಿಸುವವರು ಮಾಡಲೇಬೇಕಾದ ಒಂದು ಪರೀಕ್ಷೆ ನೋಡುವವರ ಹೊಟ್ಟೆ ಉರಿಸುವಂಥದ್ದು. ಹೊಚ್ಚ ಹೊಸ ಗೇರ್‌ಬಾಕ್ಸನ್ನು ಪರೀಕ್ಷೆಯ ಕಟ್ಟೆಗೆ ಬಿಗಿದು, ಹಾರಾಟದಲ್ಲಿ ಬೀಳುವಷ್ಟೇ ಭಾರ ಹೇರಿ ಓಡಿಸುತ್ತಾರೆ. ಅದು ಓಡುತ್ತಿರುವಾಗಲೇ ಒಳಗಿನ ಎಣ್ಣೆಯನ್ನೆಲ್ಲ ಬೇಕೆಂದೇ ಬಸಿದುಬಿಡುತ್ತಾರೆ. ಎಣ್ಣೆಯ ಒತ್ತಡ ಇಳಿದು ಎಚ್ಚರಿಕೆಯ ದೀಪ ಹೊತ್ತಿಕೊಂಡ ಕ್ಷಣದಿಂದ ಲೆಕ್ಕ ಶುರು. 30 ನಿಮಿಷ ಅದು ತಿರುಗುತ್ತಲೇ ಇರಬೇಕು. ಒಳಗೆ ಹಾನಿಯಾದರೂ ಪರವಾಗಿಲ್ಲ, ನಿಲ್ಲಬಾರದು.

ಬಂಡಿಗೆ ಕೀಲೆಣ್ಣೆ ಸಾಲದಿದ್ದರೆ ಗಾಲಿ ಕಿರುಗುಡುತ್ತದೆ, ಇಳಿದು ಎಣ್ಣೆ ಹಾಕಿ ಮುಂದೆ ಹೋಗಬಹುದು. ಹೆಲಿಕಾಪ್ಟರಿಗೆ ಆ ಸೌಲಭ್ಯವಿಲ್ಲ. ದೊಡ್ಡ ಹೆಲಿಕಾಪ್ಟರಿನ ಎಂಜಿನ್ನಿನ ಟರ್ಬೈನ್ ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ, ತಲೆಯ ಮೇಲಿನ ರೋಟರ್ ತಿರುಗುವುದು 250ರಿಂದ 300 ಸುತ್ತು. ಆ ವೇಗವನ್ನು ಹಂತಹಂತವಾಗಿ ತಗ್ಗಿಸುವುದು ಗೇರ್‌ಬಾಕ್ಸು. ಎಂಜಿನ್ ಎರಡಿರಬಹುದು, ಮುಖ್ಯ ಗೇರ್‌ಬಾಕ್ಸು ಮಾತ್ರ ಒಂದೇ.

ಎಣ್ಣೆಯ ಕೆಲಸ ಜಾರಿಸುವುದಷ್ಟೇ ಎಂದು ನಾವು ತಿಳಿದಿರುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ಶಾಖವನ್ನು ಹೊತ್ತೊಯ್ಯುವುದು. ಒಂದು ಗೇರ್‌ಬಾಕ್ಸಿನ ಮೂಲಕ 4,000 ಅಶ್ವಶಕ್ತಿ ಹಾಯುತ್ತಿದೆ ಎನ್ನಿ, ಅಂದರೆ ಸುಮಾರು 3,000 ಕಿಲೋವ್ಯಾಟ್. ನೂರಕ್ಕೆ ಒಂದೇ ಪಾಲು ತಿಕ್ಕಾಟದಲ್ಲಿ ಶಾಖವಾದರೂ 30 ಕಿಲೋವ್ಯಾಟ್ ಆಯಿತು. ಸ್ನಾನದ ಮನೆಯ 15 ಗೀಸರುಗಳನ್ನು ಆ ಪೆಟ್ಟಿಗೆಯೊಳಗೆ ಇಟ್ಟು ಒಟ್ಟಿಗೆ ಹಚ್ಚಿದಂತೆ. ಎಣ್ಣೆ ಹೋದರೆ ಆ ಶಾಖಕ್ಕೆ ಹೊರದಾರಿ ಇಲ್ಲ. ಲೋಹ ಹಿಗ್ಗುತ್ತದೆ, ಹಲ್ಲುಗಳ ನಡುವಿನ ಕೂದಲೆಳೆಯ ಸಂದು ಮುಚ್ಚುತ್ತದೆ, ಬೇರಿಂಗುಗಳು ಕಚ್ಚಿಕೊಳ್ಳತೊಡಗುತ್ತವೆ. ಕೊನೆಗೆ ಉಕ್ಕಿನ ಹದವೇ ಕೆಡುತ್ತದೆ. ಕಾಯಿಸಿದ ಉಕ್ಕು ಹಳದಿಯಿಂದ ನೀಲಿಗೆ ತಿರುಗುವುದನ್ನು ಕುಲುಮೆಯಲ್ಲಿ ಕಂಡವರಿಗೆ ಇದು ಗೊತ್ತು. ಹದ ಕಳೆದುಕೊಂಡ ಹಲ್ಲು ಭಾರ ತಾಳದೆ ಹರಿದುಹೋಗುತ್ತದೆ.

ಇದನ್ನು ಮುಂದೂಡಲು ಎಂಜಿನಿಯರುಗಳು ಬಗೆಬಗೆಯಲ್ಲಿ ಹೆಣಗಿದ್ದಾರೆ. ಕಾದರೂ ಹದ ಬಿಡದ ಉಕ್ಕು, ಕನ್ನಡಿಯಂತೆ ನುಣುಪಾದ ಹಲ್ಲು, ಪಿಂಗಾಣಿ ಜಾತಿಯ ಗುಂಡುಗಳ ಬೇರಿಂಗು, ಬೇರೆಯೇ ತೊಟ್ಟಿಯಿಂದ ತುಂತುರು ಹಾಯಿಸುವ ತುರ್ತು ಏರ್ಪಾಡು. ಎಷ್ಟು ಮಾಡಿದರೂ ಅರ್ಧ ಗಂಟೆ ತಾಳುತ್ತದೋ ಇಲ್ಲವೋ ಎಂಬುದಕ್ಕೆ ಕಟ್ಟೆಯ ಮೇಲಿನ ಓಟವೇ ಉತ್ತರ.

2002ರಲ್ಲಿ ಅಮೆರಿಕದ ಸಿಕೋರ್ಸ್ಕಿ ಕಂಪನಿ ತನ್ನ ಎಸ್-92 ಹೆಲಿಕಾಪ್ಟರಿನ ಗೇರ್‌ಬಾಕ್ಸನ್ನು ಹೀಗೆ ಓಡಿಸಿತು. ಅದು ಸುಮಾರು 11 ನಿಮಿಷದಲ್ಲಿ ಮುರಿದುಬಿತ್ತು. ಆದರೆ ನಿಯಮದಲ್ಲಿ ಒಂದು ಕಿಂಡಿಯಿತ್ತು: ಎಣ್ಣೆ ಪೂರ್ತಿ ಸೋರುವ ಸಂಭವ ತೀರಾ ವಿರಳ ಎಂದು ತೋರಿಸಿದರೆ 30 ನಿಮಿಷದ ಓಟ ಬೇಕಿಲ್ಲ. ಎಣ್ಣೆ ತಂಪುಮಾಡುವ ಭಾಗದಲ್ಲಿ ಸೋರಿದರೆ ಅದನ್ನು ಬೇರ್ಪಡಿಸುವ ಕವಾಟ ಸೇರಿಸಿ, ಉಳಿದ ಕಡೆ ಸೋರುವುದು ತೀರಾ ವಿರಳ ಎಂದು ಲೆಕ್ಕ ಒಪ್ಪಿಸಲಾಯಿತು. ಪ್ರಮಾಣಪತ್ರ ಸಿಕ್ಕಿತು.

2009ರ ಮಾರ್ಚ್ 12ರ ಬೆಳಿಗ್ಗೆ ಕೆನಡಾದ ಸೇಂಟ್ ಜಾನ್ಸ್‌ನಿಂದ ಕಡಲಿನ ತೈಲ ನೆಲೆಗಳಿಗೆ 18 ಜನರನ್ನು ಹೊತ್ತ ಎಸ್-92 ಹೊರಟಿತ್ತು. ದಾರಿಯಲ್ಲಿ ಎಣ್ಣೆಯ ಫಿಲ್ಟರ್ ಬಟ್ಟಲನ್ನು ಹಿಡಿದಿದ್ದ ಟೈಟೇನಿಯಂ ಸ್ಟಡ್‌ಗಳು ಮುರಿದು ಎಣ್ಣೆಯೆಲ್ಲ ಚೆಲ್ಲಿಹೋಯಿತು. ಪೈಲಟ್‌ಗಳು ಹೆಲಿಕಾಪ್ಟರನ್ನು ಹಿಂದಕ್ಕೆ ತಿರುಗಿಸಿದರು. ಒತ್ತಡದ ಮುಳ್ಳು ಬಿದ್ದಿತ್ತು, ಉಷ್ಣತೆಯ ಮುಳ್ಳು ಮಾತ್ರ ಏರಲಿಲ್ಲ. ಎಣ್ಣೆ ನಿಜವಾಗಿ ಹೋಗಿದ್ದರೆ ಗೇರ್‌ಬಾಕ್ಸು ಕಾಯಬೇಕಲ್ಲ, ಒತ್ತಡದ ಮಾಪಕವೇ ಕೆಟ್ಟಿರಬಹುದು ಎಂಬ ಯೋಚನೆ ಬಂದದ್ದು ಸಹಜ. ಆದರೆ ಉಷ್ಣತೆಯ ಮಾಪಕ ಅಳೆಯುವುದು ಎಣ್ಣೆಯ ಉಷ್ಣತೆಯನ್ನು. ಎಣ್ಣೆಯೇ ಇಲ್ಲದಾಗ ಅದು ಅಳೆಯುವುದಾದರೂ ಏನನ್ನು? ಅತ್ತ ಬಾಲದ ರೋಟರಿಗೆ ಶಕ್ತಿ ಕೊಡುವ ಪುಟ್ಟ ಗೇರಿನ ಹಲ್ಲುಗಳು ಸವೆದು ಹರಿಯುತ್ತಿದ್ದವು. ಸೇಂಟ್ ಜಾನ್ಸ್ ಇನ್ನೂ ಸುಮಾರು 65 ಕಿಲೋಮೀಟರ್ ದೂರವಿರುವಾಗ ಹೆಲಿಕಾಪ್ಟರ್ ಅಟ್ಲಾಂಟಿಕ್ ಸಾಗರಕ್ಕೆ ಅಪ್ಪಳಿಸಿತು. 17 ಜನ ತೀರಿಕೊಂಡರು, ಒಬ್ಬರು ಬದುಕಿದರು. ಎಚ್ಚರಿಕೆ ಬಂದಾಗಿನಿಂದ ಕಳೆದದ್ದು ಸುಮಾರು 11 ನಿಮಿಷ.

ಅದೇ 11. ಪರೀಕ್ಷೆಯ ಕಟ್ಟೆ ಆರು ವರ್ಷಗಳಿಗೂ ಮೊದಲೇ ಹೇಳಿದ್ದ ಅಂಕಿ. ತೀರಾ ವಿರಳ ಎಂದಿದ್ದ ಸೋರಿಕೆ 2008ರಲ್ಲೇ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಎಸ್-92ಕ್ಕೆ ಆಗಿತ್ತು. ಅಲ್ಲಿ ಅದನ್ನು ಬೇಗ ನೆಲಕ್ಕಿಳಿಸಲು ಸಾಧ್ಯವಾಯಿತು. ಸ್ಟಡ್‌ಗಳನ್ನು ಬದಲಿಸಿ ಎಂದು 2009ರ ಜನವರಿಯಲ್ಲಿ ಕಂಪನಿ ಸೂಚನೆ ಕಳಿಸಿತ್ತು, ಕೊಟ್ಟ ಗಡುವು ಮಾತ್ರ ಒಂದು ವರ್ಷ ಅಥವಾ 1,250 ಹಾರಾಟದ ಗಂಟೆ.

ಅಪಘಾತದ ನಂತರ ಉಕ್ಕಿನ ಸ್ಟಡ್‌ಗಳು ತಕ್ಷಣ ಕಡ್ಡಾಯವಾದವು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ 2011ರ ವರದಿಯಲ್ಲಿ ‘ತೀರಾ ವಿರಳ’ ಎಂಬ ವಿನಾಯಿತಿಯನ್ನೇ ತೆಗೆದುಹಾಕಿ ಎಂದು ಶಿಫಾರಸು ಮಾಡಿತು, 30 ನಿಮಿಷವಾದರೂ ಸಾಕೇ ಎಂದೂ ಕೇಳಿತು. ದೂರದ ಕಡಲಿನಲ್ಲಿ ದಡ ಮುಟ್ಟಲು ಅರ್ಧ ಗಂಟೆ ಸಾಲದು ಎಂಬುದು ಅಲ್ಲಿ ಹಾರುವವರಿಗೆಲ್ಲ ಗೊತ್ತಿರುವ ಮಾತು. ಹೊಸ ಹೆಲಿಕಾಪ್ಟರುಗಳಿಗೆ ವಿನಾಯಿತಿಯ ಆ ಕಿಂಡಿಯನ್ನು ಯೂರೋಪು ಮುಚ್ಚಿದ್ದು 2018ರಲ್ಲಿ. ಅದನ್ನು ಮುಚ್ಚಬೇಕಾಗಿದ್ದದ್ದು 2002ರಲ್ಲಿ, ಆ ಗೇರ್‌ಬಾಕ್ಸು ಕಟ್ಟೆಯ ಮೇಲೆ ಮುರಿದ ದಿನವೇ.