ಅರವತ್ತರ ಅರಳು-ಮರಳು: ಎಲ್ಲವೂ ಮುಪ್ಪಿನದಲ್ಲ



ಮನೆಯ ಹಿರಿಯರು ಪಂಪಿನ ಮನೆಯ ಕೀಲಿ ಎಲ್ಲಿಟ್ಟೆನೆಂಬುದನ್ನು ಮರೆಯುತ್ತಾರೆ. ಕಬ್ಬಿನ ಬಿಲ್ಲು ಬ್ಯಾಂಕಿನಿಂದ ತಾವೇ ತಂದಿದ್ದರೂ ಬಂದೇ ಇಲ್ಲವೆಂದು ವಾದಿಸುತ್ತಾರೆ. ಕೇಳಿದ್ದನ್ನೇ ನಾಲ್ಕು ಸಲ ಕೇಳುತ್ತಾರೆ. ನಾವು "ಅರವತ್ತಕ್ಕೆ ಅರಳು-ಮರಳು" ಎಂದು ನಕ್ಕು ಸುಮ್ಮನಾಗುತ್ತೇವೆ. ತಪ್ಪಾಗುವುದು ಇಲ್ಲಿಯೇ.

ಕಬ್ಬಿನ ಎಳೆ ಎಲೆ ಬಿಳಿಚಿಕೊಂಡರೆ ಯಾವ ರೈತನೂ ಬೆಳೆಯನ್ನು ಕಿತ್ತು ಹಾಕುವುದಿಲ್ಲ. ನೀರು ನಿಂತಿದೆಯೋ, ರೋಗ ಬಿದ್ದಿದೆಯೋ, ಸುಣ್ಣದಂಶದ ನೆಲದಲ್ಲಿ ಕಬ್ಬಿಣದ ಕೊರತೆಯಾಗಿದೆಯೋ ಎಂದು ನೋಡುತ್ತಾನೆ. ಕೊರತೆಯಿದ್ದರೆ ಅನ್ನಭೇದಿ ಸಿಂಪಡಿಸುತ್ತಾನೆ, ಎಲೆ ಮತ್ತೆ ಹಸಿರಾಗುತ್ತದೆ. ಹಿರಿಯರ ಮರೆವಿಗೂ ಇದೇ ನ್ಯಾಯ.

ಮರೆವಿನ ರೋಗಕ್ಕೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಅಲ್ಝೈಮರ್ ರೋಗದ್ದು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಇದನ್ನು ಮೊದಲು ವಿವರಿಸಿದರು. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದರೆ ಹೊರಗಿನಿಂದ ಹಾಗೆಯೇ ಕಾಣುವ, ಚಿಕಿತ್ಸೆಯಿಂದ ಸುಧಾರಿಸುವ ಕಾರಣಗಳೂ ಇವೆ. ಅಂಥ ರೋಗಿಗಳು ಕಡಿಮೆಯೇ. ಆದರೂ ಆ ಕೆಲವರಲ್ಲಿ ನಿಮ್ಮ ತಂದೆ-ತಾಯಿ ಇರಬಹುದು.

1. ಬಿ-12 ಜೀವಸತ್ವದ ಕೊರತೆ: ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯಗಳಲ್ಲಿ ಈ ಜೀವಸತ್ವ ಇಲ್ಲ. ಇದು ಹಾಲು, ಮೊಸರು, ತತ್ತಿ, ಮೀನು, ಮಾಂಸಗಳಿಂದ ಬರುತ್ತದೆ. ಹಾಲನ್ನೆಲ್ಲ ಡೇರಿಗೆ ಹಾಕಿ ಹಿರಿಯರಿಗೆ ಬರಿಯ ಚಹ ಕೊಡುವ ಶಾಕಾಹಾರಿ ಮನೆಗಳಲ್ಲಿ ಈ ಕೊರತೆ ಸಹಜ. ವಯಸ್ಸಾದಂತೆ ಹೊಟ್ಟೆ ಇದನ್ನು ಹೀರಿಕೊಳ್ಳುವುದೂ ತಗ್ಗುತ್ತದೆ. ಸಕ್ಕರೆ ರೋಗಕ್ಕೆ ಬಹಳ ವರ್ಷ ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿಯೂ ಇದು ಕಡಿಮೆಯಾಗಬಹುದು. ಅಂಗಾಲು ಜುಮುಗುಡುವುದು, ನಾಲಿಗೆ ಉರಿ, ರಕ್ತಹೀನತೆ, ಮರೆವು ಇದರ ಲಕ್ಷಣಗಳು. ಇಂಜೆಕ್ಷನ್ ಅಥವಾ ಗುಳಿಗೆಯಿಂದ ಕೊರತೆ ತುಂಬಬಹುದು. ಬಹಳ ತಡವಾದರೆ ನರಗಳಿಗಾದ ಹಾನಿ ಪೂರ್ತಿ ಹೋಗದು.

2. ಥೈರಾಯ್ಡ್ ಗ್ರಂಥಿಯ ಮಂದಗತಿ: ಮಾತು, ನಡೆ, ವಿಚಾರ ಎಲ್ಲವೂ ನಿಧಾನವಾಗುತ್ತವೆ. ಚಳಿ ಹೆಚ್ಚು, ಮಲಬದ್ಧತೆ, ಒಣಚರ್ಮ, ದಪ್ಪದನಿ. ಒಂದು ರಕ್ತ ತಪಾಸಣೆ ಸಾಕು. ದಿನಕ್ಕೊಂದು ಗುಳಿಗೆ ಚಿಕಿತ್ಸೆ.

3. ತಲೆಗೆ ಬಿದ್ದ ಸಣ್ಣ ಪೆಟ್ಟು: ಬಚ್ಚಲಲ್ಲಿ ಜಾರಿ ತಲೆಗೆ ತಗಲಿರುತ್ತದೆ. ಗಾಯವಿಲ್ಲವೆಂದು ಎಲ್ಲರೂ ಮರೆತಿರುತ್ತಾರೆ. ಒಳಗೆ ಮಿದುಳಿನ ಮೇಲೆ ರಕ್ತ ಮೆಲ್ಲಗೆ ಜಿನುಗಿ, ಕೆಲವು ವಾರಗಳ ನಂತರ ತಲೆನೋವು, ಮಂಪರು, ಗೊಂದಲ, ಒಂದು ಬದಿಯ ಕೈಕಾಲಿನಲ್ಲಿ ಸೋಲು ಕಾಣುತ್ತವೆ. ರಕ್ತ ತೆಳುವಾಗುವ ಗುಳಿಗೆ ನುಂಗುವವರಿಗೂ ಕುಡಿತದವರಿಗೂ ಅಪಾಯ ಹೆಚ್ಚು. ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ತೆಗೆದರೆ ಅನೇಕರು ಚೇತರಿಸಿಕೊಳ್ಳುತ್ತಾರೆ.

4. ಮಿದುಳಿನಲ್ಲಿ ನೀರು ತುಂಬುವುದು: 1965ರಲ್ಲಿ ಕೊಲಂಬಿಯಾ ದೇಶದ ಡಾ. ಹಕೀಮ್ ಮತ್ತು ಸಂಗಡಿಗರು ಇದನ್ನು ಜಗತ್ತಿನ ಗಮನಕ್ಕೆ ತಂದರು. ಪಾದ ನೆಲಕ್ಕೆ ಅಂಟಿದಂಥ ನಡಿಗೆ, ಮೂತ್ರದ ಮೇಲೆ ಹಿಡಿತ ತಪ್ಪುವುದು, ಮರೆವು, ಈ ಮೂರೂ ಕೂಡಿದರೆ ಸಂಶಯಪಡಬೇಕು. ಸಣ್ಣ ನಳಿಗೆ ಕೂರಿಸಿ ಹೆಚ್ಚಿನ ನೀರನ್ನು ಹೊಟ್ಟೆಯೊಳಕ್ಕೆ ಹರಿಯಬಿಡುತ್ತಾರೆ. ನಡಿಗೆಯೇ ಎಲ್ಲಕ್ಕಿಂತ ಚೆನ್ನಾಗಿ ಸುಧಾರಿಸುತ್ತದೆ.

5. ಗುಳಿಗೆಗಳು ಮತ್ತು ಕುಡಿತ: ನಿದ್ದೆಯ ಗುಳಿಗೆ, ಕೆಲವು ನೆಗಡಿಯ ಗುಳಿಗೆ, ಮೂತ್ರದ ತೊಂದರೆಯ ಕೆಲವು ಗುಳಿಗೆಗಳು ಹಿರಿಯರ ಬುದ್ಧಿಗೆ ಮಬ್ಬು ತರುತ್ತವೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಗುಳಿಗೆಯಿಂದ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿರಿ. ಬಹುಕಾಲದ ಕುಡಿತದಿಂದ ಬಿ-1 ಜೀವಸತ್ವ ಬರಿದಾಗಿ ನೆನಪು ಕೆಡುತ್ತದೆ. ಇದಕ್ಕೆ ಚಿಕಿತ್ಸೆ ತಡಮಾಡಬಾರದು.

6. ಮನಸ್ಸಿನ ಕುಗ್ಗು, ಕಿವಿಯ ಮಂದ: ಸಂಗಾತಿ ತೀರಿಕೊಂಡ ನಂತರ ಹಿರಿಯರು ಊಟ-ನಿದ್ದೆ ಬಿಟ್ಟು, ಏನು ಕೇಳಿದರೂ "ನನಗೇನೂ ತಿಳಿಯದು" ಎನ್ನತೊಡಗಿದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಔಷಧವಿದೆ. ಕಿವಿ ಕೇಳಿಸದವರೂ ಮರೆಗುಳಿಗಳಂತೆ ತೋರುತ್ತಾರೆ. ಕಿವಿ, ಕಣ್ಣು ಎರಡನ್ನೂ ತೋರಿಸಿರಿ.

ಕೂಡಲೇ ಓಡಬೇಕಾದ ಸಂದರ್ಭ: ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಬಡಬಡಿಸತೊಡಗಿದರೆ ಅದು ಮುಪ್ಪಲ್ಲ. ಮೂತ್ರದ ಸೋಂಕು, ಜ್ವರ, ವಾಂತಿ-ಭೇದಿಯಿಂದ ನೀರು ಆರಿದ್ದು, ಪಾರ್ಶ್ವವಾಯು ಇರಬಹುದು. ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಂಡು ಊಟ ತಪ್ಪಿಸಿದವರಲ್ಲಿ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಲು ಬರುವಂತಿದ್ದರೆ ಸಕ್ಕರೆ ನೀರು ಕುಡಿಸಿ, ಆ ಕ್ಷಣವೇ ದವಾಖಾನೆಗೆ ಒಯ್ಯಿರಿ.

ಮಾಡಬೇಕಾದುದು ಇಷ್ಟು: ಮರೆವು ಎಂದಿನಿಂದ, ಮೆಲ್ಲಗೆ ಬಂತೋ ಒಮ್ಮೆಲೇ ಬಂತೋ, ಎಲ್ಲಿಯಾದರೂ ಬಿದ್ದಿದ್ದರೋ, ಇವನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ತಾಲೂಕಿನ ಸರಕಾರಿ ದವಾಖಾನೆಗೆ ಹೋಗಿರಿ. ರಕ್ತಹೀನತೆ, ಸಕ್ಕರೆ, ಸೋಡಿಯಂ, ಥೈರಾಯ್ಡ್, ಬಿ-12, ಮೂತ್ರಪಿಂಡಗಳ ತಪಾಸಣೆ ಬೇಕೇ ಎಂದು ಕೇಳಿರಿ. ಸ್ಕ್ಯಾನ್ ಹೇಳಿದರೆ ಸೋಲಾಪುರ, ಮಿರಜದಂಥ ಊರುಗಳಲ್ಲಿ ಆಗುತ್ತದೆ.

ತಪಾಸಣೆಯ ನಂತರ ಅಲ್ಝೈಮರ್ ಎಂದೇ ತಿಳಿದರೂ ಹೋದ ದಾರಿ ವ್ಯರ್ಥವಲ್ಲ. ಮನೆಯವರು ಸಿಟ್ಟಾಗುವುದು ನಿಲ್ಲುತ್ತದೆ, ಆರೈಕೆಗೆ ದಾರಿ ಸಿಗುತ್ತದೆ. "ಹಂಗಾಮು ಮುಗಿಯಲಿ, ಕಬ್ಬು ಹೋಗಲಿ, ಆಮೇಲೆ ನೋಡೋಣ" ಎಂದು ಮಾತ್ರ ಮುಂದೂಡಬೇಡಿರಿ. ಕಟಾವಿಗೆ ತಡವಾದರೆ ತೂಕ, ಸಕ್ಕರೆಯಂಶ ಇಳಿಯುವುದನ್ನು ನಾವು ಬಲ್ಲೆವು. ಚಿಕಿತ್ಸೆಗೆ ತಡವಾದರೆ ಇಳಿಯುವುದು ನಮ್ಮ ಹೆಸರು ಹಿಡಿದು ಕರೆಯುವ ನೆನಪು.