ಶಿಬಿರ ಮುಗಿದ ಮೇಲೆ ಯಾರು ವಿಚಾರಿಸುತ್ತಾರೆ?

ಮುಂಬಯಿಯಲ್ಲಿ ಕನ್ನಡಿಗರ ಸಂಘಗಳಿಗೆ ಬರವಿಲ್ಲ. ಊರಿಗೊಂದು, ಜಾತಿಗೊಂದು, ಉಪನಗರಕ್ಕೊಂದು ಇವೆ. ಅರಸಿನ ಕುಂಕುಮ, ಯಕ್ಷಗಾನ, ವಿದ್ಯಾರ್ಥಿವೇತನದ ಜೊತೆಗೆ ವರ್ಷಕ್ಕೊಂದು ಉಚಿತ ವೈದ್ಯಕೀಯ ಶಿಬಿರವೂ ನಡೆಯುತ್ತದೆ. ಹದಿನೈದು ವರ್ಷಗಳಿಂದ ಇಂಥ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವ ಮೇಜು ನನ್ನದು. ಬಿ.ಪಿ., ಶುಗರ್, ಕಣ್ಣಿನ ತಪಾಸಣೆ ಆಗುತ್ತದೆ. ವೈದ್ಯರಿಗೆ ಶಾಲು ಹೊದಿಸುತ್ತೇವೆ, ಊಟ ಮಾಡಿ ಮನೆಗೆ ಹೋಗುತ್ತೇವೆ. ಭಾನುವಾರ ಚೆನ್ನಾಗಿಯೇ ಕಳೆಯುತ್ತದೆ. ಕಷ್ಟ ಶುರುವಾಗುವುದು ಸೋಮವಾರ.

ಒಮ್ಮೆ ಕುಂದಾಪುರ ಕಡೆಯ ಹುಡುಗನೊಬ್ಬ ಬಂದಿದ್ದ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಎರಡು ತಿಂಗಳಿಂದ ಕೆಮ್ಮು. ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸು ಎಂದು ವೈದ್ಯರು ಚೀಟಿ ಬರೆದರು. ಅವನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ನನ್ನ ಹತ್ತಿರ ಮೆಲ್ಲಗೆ ಹೇಳಿದ: "ಅಣ್ಣಾ, ರಜೆ ಹಾಕಿದರೆ ಸಂಬಳ ಹೋಗುತ್ತದೆ. ಟಿ.ಬಿ. ಅಂತ ಗೊತ್ತಾದರೆ ಮಲಗುವ ಜಾಗವೂ ಹೋಗುತ್ತದೆ."

ಅವನಿಗೆ ಬೇಕಿದ್ದದ್ದು ಇನ್ನೊಂದು ಶಿಬಿರವಲ್ಲ. ಮೂವರು ಒಂದಾಗಬೇಕಿತ್ತು. ಮೊದಲನೆಯವರು ಮಾಲೀಕರು. "ಔಷಧಿ ಸರಿಯಾಗಿ ಶುರುವಾದರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಬಚ್ಚಿಟ್ಟರೆ ಇಡೀ ಕೋಣೆಗೇ ಅಪಾಯ" ಎಂದು ಸಂಘದ ಹಿರಿಯರೊಬ್ಬರು ಅವರಿಗೆ ತಿಳಿಹೇಳಿದರು. ಎರಡನೆಯವರು ಪಕ್ಕದ ಗಲ್ಲಿಯ ಡಾಕ್ಟರು. ಮೂರನೆಯವರು ಪಾಲಿಕೆಯ ಆರೋಗ್ಯ ಕೇಂದ್ರದ ಮರಾಠಿ ಕಾರ್ಯಕರ್ತೆ. ಪ್ರತಿ ತಿಂಗಳೂ ಅವನಿಗೆ ಮಾತ್ರೆ ಸಿಗುವಂತೆ ನೋಡಿಕೊಂಡವರು ಅವರೇ. ಆರು ತಿಂಗಳ ಔಷಧಿ ಮುಗಿಸಿ ಹುಡುಗ ಗುಣವಾದ. ಕೆಲಸವೂ ಉಳಿಯಿತು.

ಇದೇ ಸೂತ್ರ ದೊಡ್ಡ ಮಟ್ಟದಲ್ಲಿ ಕೆಲಸ ಮಾಡಿದ್ದನ್ನು ಧಾರಾವಿಯಲ್ಲಿ ನೋಡಿದ್ದೇವೆ. 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ಕೊರೋನಾ ಪ್ರಕರಣ ಪತ್ತೆಯಾಯಿತು. ಎರಡೂವರೆ ಚದರ ಕಿಲೋಮೀಟರಿನೊಳಗೆ ಅಂದಾಜು ಎಂಟು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಮಂದಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಒಬ್ಬರಿಂದೊಬ್ಬರು ದೂರ ನಿಲ್ಲಿ ಎಂದರೆ ಎಲ್ಲಿ ನಿಲ್ಲುವುದು? ಪಾಲಿಕೆ ಅಲ್ಲಿನ ಖಾಸಗಿ ವೈದ್ಯರ ನೆರವು ಕೇಳಿತು. ಜನ ಸರಕಾರಿ ಗಾಡಿ ಕಂಡರೆ ಬಾಗಿಲು ಹಾಕಿಕೊಂಡರೂ ವರ್ಷಗಳಿಂದ ಜ್ವರಕ್ಕೆ ಮದ್ದು ಕೊಟ್ಟ ಡಾಕ್ಟರ ಮುಖ ಕಂಡರೆ ತೆರೆಯುತ್ತಾರೆ. ಆ ವೈದ್ಯರು ಸುರಕ್ಷಾ ಕವಚ ತೊಟ್ಟು ಗಲ್ಲಿಗಿಳಿದು ಸುಮಾರು 47 ಸಾವಿರ ಮಂದಿಯನ್ನು ಪರೀಕ್ಷಿಸಿದರು. ಶಾಲೆಗಳೂ ಕ್ರೀಡಾ ಸಂಕೀರ್ಣವೂ ಕ್ವಾರಂಟೈನ್ ಕೇಂದ್ರಗಳಾದವು. ಸೇವಾಸಂಸ್ಥೆಗಳು ಊಟ, ರೇಷನ್ ಹಂಚಿದವು. ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಮೆಚ್ಚಿದರು. ಡಿಸೆಂಬರ್ 25ರಂದು ಅಲ್ಲಿ ಒಂದೂ ಹೊಸ ಪ್ರಕರಣ ಬರಲಿಲ್ಲ. ಮರುವರ್ಷ ಎರಡನೇ ಅಲೆ ಬಂದೇ ಬಂತು, ನಿಜ. ಆದರೆ ಅಷ್ಟರಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಆ ನಂಬಿಕೆ ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ್ದಲ್ಲ. ಸಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತಜ್ಞೆಯಾಗಿದ್ದ ಡಾ. ಆರ್ಮಿಡಾ ಫರ್ನಾಂಡಿಸ್ 1999ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದ್ದು, ಮಗು ಆಸ್ಪತ್ರೆ ತಲುಪುವ ಮೊದಲೇ ತಾಯಿಯನ್ನು ಗಲ್ಲಿಯಲ್ಲೇ ತಲುಪಬೇಕು ಎಂಬ ಯೋಚನೆಯಿಂದ. ಇಂಥ ಓಡಾಟ ಧಾರಾವಿಯಲ್ಲಿ ಬಹಳ ಮೊದಲೇ ಇತ್ತು.

ನಮಗೂ ಇದು ಹೊಸದಲ್ಲ. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ಸಮಾಜ ನಮ್ಮದು. ಹಗಲು ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ವಕೀಲರಾದರು, ಬ್ಯಾಂಕಿನ ಮ್ಯಾನೇಜರಾದರು. ಅದಕ್ಕೆ ಮಾಸ್ತರರೊಬ್ಬರೇ ಸಾಕಾಗುತ್ತಿರಲಿಲ್ಲ. ಸಂಜೆ ಹುಡುಗನನ್ನು ಬಿಟ್ಟುಕೊಡುವ ಮಾಲೀಕರೂ ಬೇಕಿತ್ತು, ಶಾಲೆ ನಡೆಸುವ ಸಂಘವೂ ಬೇಕಿತ್ತು. ವಿದ್ಯೆಗೆ ಮಾಡಿದ್ದನ್ನು ಆರೋಗ್ಯಕ್ಕೂ ಮಾಡಬಹುದಲ್ಲವೇ?

ನನ್ನ ಸಲಹೆ ಸರಳ. ಒಂದೇ ಉಪನಗರದ ನಾಲ್ಕು ಸಂಘಗಳು ನಾಲ್ಕು ಶಿಬಿರ ಮಾಡುವ ಬದಲು ಸೇರಿ ಎರಡು ಮಾಡಲಿ. ಉಳಿದ ಹಣದಲ್ಲಿ ವರ್ಷವಿಡೀ ಫೋನ್ ಎತ್ತುವ ಒಬ್ಬರನ್ನು ನೇಮಿಸಲಿ. ವಾರ್ಡಿನ ಆರೋಗ್ಯಾಧಿಕಾರಿಯನ್ನು ವೇದಿಕೆಗೆ ಕರೆಯುವ ಮೊದಲು ಸಭೆಗೆ ಕರೆಯಲಿ. ಪಾಲಿಕೆಯ 'ಆಪಲಾ ದವಾಖಾನಾ'ಗಳಲ್ಲಿ ಕೆಲವು ರಾತ್ರಿ 10ರವರೆಗೂ ತೆರೆದಿರುತ್ತವೆ. ಹಗಲು ಬಿಡುವಿಲ್ಲದ ಹೋಟೆಲ್ ಹುಡುಗನಿಗೆ ಇದು ಗೊತ್ತಿರಬೇಕು. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ. 2022ರಲ್ಲಿ ಶುರುವಾದ 'ನಿಕ್ಷಯ್ ಮಿತ್ರ' ಯೋಜನೆಯಡಿ ನಮ್ಮ ಸಂಘಗಳೇ ರೋಗಿಗಳನ್ನು ದತ್ತು ತೆಗೆದುಕೊಂಡು ಆಹಾರದ ಕಿಟ್ ಕೊಡಬಹುದು. ಒಂದು ಮಾತು ಮಾತ್ರ ನೆನಪಿರಲಿ: ರೋಗಿಯ ಹೆಸರು, ಫೋಟೋ ವಾಟ್ಸಾಪ್ ಗುಂಪಿಗೆ ಬರಕೂಡದು.

ಸೊಳ್ಳೆಗೆ ಜಾತಿ ಗೊತ್ತಿಲ್ಲ, ಚರಂಡಿಗೆ ಭಾಷೆ ಗೊತ್ತಿಲ್ಲ. ಹಾಗಾಗಿ ಆ ಸಭೆಯಲ್ಲಿ ಪಕ್ಕದ ಚಾಳಿನ ಮರಾಠಿ ಮಹಿಳಾ ಮಂಡಳಿಗೂ ಮಸೀದಿ ಗಲ್ಲಿಯ ಯುವಕರಿಗೂ ಕುರ್ಚಿ ಇರಲಿ. ಮುಂದಿನ ಮಹಾಸಭೆಯಲ್ಲಿ ವರದಿ ಓದುವಾಗ 'ಎಷ್ಟು ಜನರನ್ನು ತಪಾಸಿಸಿದೆವು' ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: 'ಎಷ್ಟು ಜನ ಗುಣವಾದರು'.