ತೆರೆದ ನಾಳ ಮತ್ತೆ ಮುಚ್ಚುವುದೇಕೆ?

1977ರ ಸೆಪ್ಟೆಂಬರ್ 16. ಜ್ಯೂರಿಕ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳಕ್ಕೆ ಪುಟ್ಟ ಬಲೂನು ತೂರಿಸಿ ಉಬ್ಬಿಸಿದರು. ಎದೆ ಸೀಳದೆಯೇ ನಾಳ ತೆರೆಯಿತು. ಹತ್ತು ವರ್ಷ ಕಳೆದು ನೋಡಿದಾಗಲೂ ಅದು ತೆರೆದೇ ಇತ್ತು. ಆ ಅದೃಷ್ಟ ಎಲ್ಲರದ್ದಾಗಲಿಲ್ಲ. ಬಲೂನು ಚಿಕಿತ್ಸೆ ಪಡೆದ ಸುಮಾರು ಮೂವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ನಾಳ ಮತ್ತೆ ಕಿರಿದಾಗುತ್ತಿತ್ತು.

1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಡಾ. ಜಾಕ್ ಪುಯೆಲ್ ಮೊದಲ ಸ್ಟೆಂಟ್ ಅಳವಡಿಸಿದರು. ಲೋಹದ ಜಾಲರಿ ನಾಳ ಕುಸಿಯದಂತೆ ಹಿಡಿಯಿತು, ತೊಂದರೆ ಮಾತ್ರ ಪೂರ್ತಿ ತೀರಲಿಲ್ಲ. ಗಾಯಗೊಂಡ ಒಳಗೋಡೆಯನ್ನು ಮಾಯಿಸಲು ಅಲ್ಲಿನ ಸ್ನಾಯುಕೋಶಗಳು ಹೆಚ್ಚತೊಡಗುತ್ತವೆ. ಕೆಲವರಲ್ಲಿ ಅವು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಚರ್ಮದ ಮೇಲಿನ ಕಲೆ ಗಾಯಕ್ಕಿಂತ ದೊಡ್ಡದಾಗಿ ಉಬ್ಬುವಂತೆ ನಾಳದೊಳಗೂ ಉಬ್ಬುತ್ತದೆ.

ಸಕ್ಕರೆ ಕಾಯಿಲೆ, ಸಣ್ಣ ನಾಳ, ಉದ್ದನೆಯ ಸ್ಟೆಂಟ್: ಈ ಕಾರಣಗಳು ವೈದ್ಯರಿಗೆ ಗೊತ್ತಿದ್ದವು. ಇವೊಂದೂ ಇಲ್ಲದವರಲ್ಲೂ ನಾಳ ಕಟ್ಟಿದಾಗ ದೃಷ್ಟಿ ವಂಶವಾಹಿಗಳತ್ತ ಹೊರಳಿತು. ರಕ್ತದೊತ್ತಡಕ್ಕೆ ಸಂಬಂಧಿಸಿದ ಎಸಿಇ ವಂಶವಾಹಿಯ ಒಂದು ರೂಪವೇ ಅಪರಾಧಿ ಎಂದು 1997ರಲ್ಲಿ 146 ರೋಗಿಗಳ ಫ್ರೆಂಚ್ ಅಧ್ಯಯನ ಹೇಳಿತು. ಮೂರೇ ವರ್ಷದಲ್ಲಿ ಜರ್ಮನಿಯವರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದಾಗ ಆ ನಂಟು ಸಿಗಲೇ ಇಲ್ಲ. ಸಣ್ಣ ಅಧ್ಯಯನಗಳನ್ನು ನಂಬಿ ತೀರ್ಪು ಕೊಡುವ ಆತುರಕ್ಕೆ ಇದು ದೊಡ್ಡ ಎಚ್ಚರಿಕೆ.

ಹೆಚ್ಚು ಗಟ್ಟಿಯಾದ ಸುಳಿವು 2009ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂತು. ಕೋಶ ವಿಭಜನೆಗೆ ತಡೆ ಹಾಕುವ ಪಿ27 ಎಂಬ ಪ್ರೋಟೀನು ನಮ್ಮೆಲ್ಲರಲ್ಲಿದೆ. ಅದನ್ನು ತಯಾರಿಸುವ ವಂಶವಾಹಿಯಲ್ಲಿ ಒಂದೇ ಅಕ್ಷರ ಬೇರೆಯಿದ್ದು, ತಂದೆತಾಯಿ ಇಬ್ಬರಿಂದಲೂ ಆ ರೂಪ ಪಡೆದವರಲ್ಲಿ ಸ್ಟೆಂಟ್ ಮತ್ತೆ ಕಟ್ಟುವುದು ಕಡಿಮೆ ಎಂದು ಕಂಡುಬಂತು.

ಸೋಜಿಗವೆಂದರೆ, ಅಷ್ಟರಲ್ಲಾಗಲೇ ಔಷಧವೊಂದು ಇದೇ ತಡೆಯನ್ನು ಬಲಪಡಿಸುವ ಕೆಲಸ ಮಾಡುತ್ತಿತ್ತು. 1964–65ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಾಣುವಿನಿಂದ, ಬನಾರಸ್‌ನಲ್ಲಿ ಓದಿದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ಸಿರೋಲಿಮಸ್ ಎಂಬ ಆ ಔಷಧವನ್ನು ಬೇರ್ಪಡಿಸಿದ್ದರು. ಅವರು ಕೆಲಸ ಮಾಡುತ್ತಿದ್ದ ಕಂಪನಿ ಅಲ್ಲಿನ ಪ್ರಯೋಗಾಲಯ ಮುಚ್ಚಿದಾಗ ಸೆಹಗಲ್ ಆ ಸೂಕ್ಷ್ಮಾಣುವನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಕಾಪಾಡಿದರು. ಆ ಹಟಕ್ಕೆ ಹೃದ್ರೋಗಿಗಳು ಋಣಿಗಳು. 1999ರ ಡಿಸೆಂಬರ್‌ನಲ್ಲಿ ಸಾವೊ ಪಾಲೊದ ಡಾ. ಎಡ್ವಾರ್ಡೊ ಸೌಸಾ ಈ ಔಷಧ ಲೇಪಿಸಿದ ಸ್ಟೆಂಟನ್ನು ಮೊದಲ ಬಾರಿಗೆ ಮನುಷ್ಯರಿಗೆ ಹಾಕಿದರು. ಸಿರೋಲಿಮಸ್ ಪಿ27 ಕುಗ್ಗದಂತೆ ನೋಡಿಕೊಂಡು ಸ್ನಾಯುಕೋಶಗಳ ವಿಭಜನೆಗೆ ತಡೆಹಾಕುತ್ತದೆ.

ಹೀಗಿದ್ದೂ ಸ್ಟೆಂಟ್ ಹಾಕುವ ಮುನ್ನ ವಂಶವಾಹಿ ಪರೀಕ್ಷೆ ಮಾಡಿಸುವ ರೂಢಿ ಬಂದಿಲ್ಲ. ಒಂದೊಂದು ವಂಶವಾಹಿಯ ಪಾಲೂ ಚಿಕ್ಕದು; ರೋಗಿಯ ಸಕ್ಕರೆ ಪ್ರಮಾಣ ಮತ್ತು ನಾಳದ ಅಗಲವೇ ಈಗಲೂ ವೈದ್ಯರಿಗೆ ಹೆಚ್ಚು ಹೇಳುತ್ತವೆ.